ಎರಡು ಕೋರಿನ ಐ3, ನಾಲ್ಕು ಕೋರಿನ ಪೆಂಟಿಯಂ: ಹಳೆಯ ಲ್ಯಾಪ್‌ಟಾಪ್ ಕೊಳ್ಳುವ ಮೊದಲು

ತುಲಾ ತಿಂಗಳ ಒಂದು ಮಧ್ಯಾಹ್ನ. ಮೂಡಣ ಗುಡ್ಡದ ಕಡೆ ಗುಡುಗು ಶುರುವಾಗಿತ್ತು. ನೆರೆಮನೆಯ ಭಾವ ಚೀಲವೊಂದನ್ನು ಎದೆಗೆ ಅವಚಿಕೊಂಡು ಓಡಿ ನಮ್ಮ ಜಗಲಿ ಹತ್ತಿದರು. ಚೀಲದೊಳಗೆ ಎರಡು ಲ್ಯಾಪ್‌ಟಾಪ್. ಎರಡೂ ಸೆಕೆಂಡ್ ಹ್ಯಾಂಡ್. ಮಂಗಳೂರಿನಲ್ಲಿ ಪರಿಚಯದ ಅಂಗಡಿಯವರು ಎರಡು ದಿನ ಇಟ್ಟು ನೋಡಿ, ಬೇಕಾದ್ದನ್ನು ಇಟ್ಟುಕೊಳ್ಳಿ ಎಂದು ಕೊಟ್ಟಿದ್ದರಂತೆ. ಭಾವನ ಮಗಳು ಇಲ್ಲೇ ಕಾಸರಗೋಡಿನ ಶಾಲೆಯಲ್ಲಿ ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಶಾಲೆಯಲ್ಲಿ ಕಲಿತ ಐಟಿ ಪಾಠವನ್ನು ಮನೆಯಲ್ಲಿ ಮಾಡಿ ನೋಡಲು ಅವಳಿಗೊಂದು ಕಂಪ್ಯೂಟರ್ ಬೇಕು.

"ಒಂದರಲ್ಲಿ ಎರಡು ಕೋರ್, ಇನ್ನೊಂದರಲ್ಲಿ ನಾಲ್ಕು. ಬೆಲೆ ಹೆಚ್ಚು ಕಡಿಮೆ ಒಂದೇ. ನಾಲ್ಕರದ್ದು ಒಂದು ವರ್ಷ ಹೊಸತು ಬೇರೆ. ಅದೇ ಒಳ್ಳೆಯದಲ್ಲವೋ?" ಎಂದು ಕೇಳಿದರು.

ಮಗಳ ಕೆಲಸಕ್ಕೆ ಎರಡು ಕೋರಿನದ್ದೇ ಮುಂದೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ನಾಲ್ಕು ಎರಡಕ್ಕಿಂತ ದೊಡ್ಡದು, 2016 ಎಂಬುದು 2015ರ ನಂತರ ಬರುವುದು. ಎರಡೂ ಲೆಕ್ಕ ಸರಿ. ಹಾಗಾದರೆ ಎಡವುವುದು ಎಲ್ಲಿ? ಆ ದಿನ ಜಗಲಿಯಲ್ಲಿ ಕೂತು ಭಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆ ಇಂಥ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ತುಂಬ ಮಂದಿ ಇದ್ದಾರೆ. ಕಷ್ಟಪಟ್ಟು ಉಳಿಸಿದ ದುಡ್ಡು ಅದು. ಸ್ಟಿಕ್ಕರ್ ನೋಡಿ ಕೊಟ್ಟು ಆಮೇಲೆ ಬೇಜಾರು ಮಾಡಿಕೊಳ್ಳುವುದು ಬೇಡ.

ಮೊದಲು ಎರಡರ ಪ್ರೊಸೆಸರಿನ ಜಾತಕ ನೋಡೋಣ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಲೆಕ್ಕ ಎಲ್ಲ ಮಾಡುವ ಚಿಪ್. ಕೋರ್ ಎಂದರೆ ಅದರೊಳಗೆ ದುಡಿಯುವ ಒಬ್ಬ ಆಳು, ಥ್ರೆಡ್ ಎಂದರೆ ಆ ಆಳಿಗೆ ಕೊಡುವ ಕೆಲಸದ ಒಂದು ಸಾಲು. 'ಕೋರ್' ಎಂಬುದು ಇಂಟೆಲ್ ಕಂಪನಿಯ ಒಂದು ಪ್ರೊಸೆಸರ್ ಸರಣಿಯ ಹೆಸರೂ ಹೌದು, ಗೊಂದಲ ಬೇಡ.

ಒಂದು, ಇಂಟೆಲ್ ಕೋರ್ ಐ3-5005ಯು. 2015ರ ಆರಂಭದಲ್ಲಿ ಬಂದದ್ದು. ಬ್ರಾಡ್‌ವೆಲ್ ಎಂಬ ಪೀಳಿಗೆ, ಅಂದರೆ ಕೋರ್ ಸರಣಿಯ ಐದನೆಯದು. ಎರಡು ಕೋರ್, ನಾಲ್ಕು ಥ್ರೆಡ್. ವೇಗ 2.0 ಗಿಗಾಹರ್ಟ್ಸ್. ಅದರ ಮೇಲೆ ಏರುವ ಟರ್ಬೊ ಇಲ್ಲ. ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ಪುಟ್ಟ ಮೆಮೊರಿ, 3 ಎಂಬಿ. ಶಾಖದ ಲೆಕ್ಕ 15 ವಾಟ್.

ಇನ್ನೊಂದು, ಇಂಟೆಲ್ ಪೆಂಟಿಯಂ ಎನ್3710. 2016ರ ಆರಂಭದ್ದು. ಬ್ರಾಸ್‌ವೆಲ್ ಎಂಬ ಗುಂಪಿಗೆ ಸೇರಿದ್ದು. ನಾಲ್ಕು ಕೋರ್, ನಾಲ್ಕೇ ಥ್ರೆಡ್. ಮೂಲ ವೇಗ 1.6 ಗಿಗಾಹರ್ಟ್ಸ್, ಅವಸರದ ಕೆಲಸ ಬಂದಾಗ 2.56ರ ತನಕ ಏರುತ್ತದೆ. ಕ್ಯಾಶ್ 2 ಎಂಬಿ. ಶಾಖದ ಲೆಕ್ಕ 6 ವಾಟ್.

ಎರಡನ್ನೂ 14 ನ್ಯಾನೋಮೀಟರ್ ಎಂಬ ಚಿಪ್ ತಯಾರಿಕೆಯ ತಂತ್ರದಲ್ಲೇ ಮಾಡಿದ್ದು. ಬ್ರಾಡ್‌ವೆಲ್, ಬ್ರಾಸ್‌ವೆಲ್ ಎಂದು ಹೆಸರೂ ಅಣ್ಣತಮ್ಮಂದಿರ ಹಾಗೆ ಕೇಳುತ್ತದೆ. ಆದರೆ ಹುಟ್ಟಿದ ಮನೆ ಬೇರೆ ಬೇರೆ. ಐ3ಯ ಕೋರ್‌ಗಳು ದೊಡ್ಡ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಿಗೆ ಮಾಡಿದ ಕೋರ್ ವಂಶದವು. ಪೆಂಟಿಯಂ ಎನ್3710ರ ಕೋರ್‌ಗಳಿಗೆ ಏರ್‌ಮಾಂಟ್ ಎಂದು ಹೆಸರು. ಅವು ಆಟಮ್ ವಂಶದವು. 2008ರಲ್ಲಿ ಪುಟ್ಟ ನೆಟ್‌ಬುಕ್‌ಗಳು ಬಂದಿದ್ದವಲ್ಲ, ಅವುಗಳಲ್ಲಿ ಇದ್ದದ್ದು ಇದೇ ಆಟಮ್. ಪೆಂಟಿಯಂ ಎಂಬ ಹೆಸರು 1993ರಿಂದ ಇದೆ. ನನ್ನ ಪ್ರಾಯದವರಿಗೆ ಆ ಹೆಸರು ಕೇಳಿದರೆ ಇವತ್ತಿಗೂ ಒಂದು ಗೌರವ. ಆದರೆ 2015ರ ಹೊತ್ತಿಗೆ ಅದೇ ಹೆಸರನ್ನು ಕೋರ್ ವಂಶದ ಅಗ್ಗದ ಚಿಪ್‌ಗೂ ಇಡುತ್ತಿದ್ದರು, ಆಟಮ್ ವಂಶದ ಚಿಪ್‌ಗೂ ಇಡುತ್ತಿದ್ದರು. ಬೇರೆ ಮಾಡಿ ನೋಡಲು ಒಂದು ಅಕ್ಷರದ ಗುರುತು ಸಾಕು. ಆ ಕಾಲದ ಲ್ಯಾಪ್‌ಟಾಪ್‌ನಲ್ಲಿ ಪೆಂಟಿಯಂ ಅಥವಾ ಸೆಲೆರಾನ್ ಹೆಸರಿನ ಮುಂದೆ 'ಎನ್' ಎಂದು ಇದ್ದರೆ ಅದು ಆಟಮ್ ಮನೆಯದ್ದು. ಸಂಖ್ಯೆಯ ಕೊನೆಯಲ್ಲಿ 'ಯು' ಎಂದಿದ್ದರೆ ಕಡಿಮೆ ವಿದ್ಯುತ್ತಿಗೆ ಹೊಂದಿಸಿದ ಕೋರ್ ಮನೆಯದ್ದು.

ಅಡಿಕೆ ಸುಲಿಯುವ ಲೆಕ್ಕ

ನಮ್ಮ ಊರಿನಲ್ಲಿ ಇದನ್ನು ಹೇಳಲು ಅಡಿಕೆಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಒಣಗಿದ ಅಡಿಕೆ ಸುಲಿಯಲು ಜನ ಬಂದಿದ್ದಾರೆ ಎಂದುಕೊಳ್ಳಿ. ಒಂದು ಮನೆಯಲ್ಲಿ ಇಬ್ಬರು, ಕೈ ಪಳಗಿದವರು. ಇನ್ನೊಂದು ಮನೆಯಲ್ಲಿ ನಾಲ್ವರು, ಈಗಷ್ಟೇ ಕಲಿಯುತ್ತಿರುವ ಹುಡುಗರು. ಸಂಜೆಗೆ ಯಾವ ಮನೆಯ ರಾಶಿ ದೊಡ್ಡದು? ತಲೆ ಎಣಿಸಿ ಹೇಳಲು ಆಗುವುದಿಲ್ಲ ಅಲ್ವಾ? ಒಬ್ಬೊಬ್ಬರ ಕೈಯಲ್ಲಿ ಗಂಟೆಗೆ ಎಷ್ಟು ಅಡಿಕೆ ಆಗುತ್ತದೆ ಎಂದು ನೋಡಬೇಕು.

ಪ್ರೊಸೆಸರ್‌ನಲ್ಲಿ ಗಿಗಾಹರ್ಟ್ಸ್ ಎಂದರೆ ಕೈ ಆಡಿಸುವ ವೇಗ. 2.0 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 200 ಕೋಟಿ ಬಡಿತ. 2.56 ಎಂದರೆ 256 ಕೋಟಿ. ಇಲ್ಲಿಗೆ ನಿಂತರೆ ಪೆಂಟಿಯಂ ಕೈಯೇ ಚುರುಕು. ಆದರೆ ಒಂದು ಬಡಿತಕ್ಕೆ ಎಷ್ಟು ಕೆಲಸ ಎಂಬ ಇನ್ನೊಂದು ಪ್ರಶ್ನೆ ಉಂಟು. ಬ್ರಾಡ್‌ವೆಲ್ ಕೋರ್ ಒಂದು ಬಡಿತಕ್ಕೆ ಸುಮಾರು ನಾಲ್ಕು ಸೂಚನೆಗಳನ್ನು ಎತ್ತಿಕೊಂಡು ಬಿಡಿಸಬಲ್ಲದು. ಏರ್‌ಮಾಂಟ್ ಕೋರ್ ಎರಡನ್ನು ಮಾತ್ರ. ಕಾಗದದ ಮೇಲೆ ಲೆಕ್ಕ ಹಾಕಿ. ಐ3ಯ ಒಂದು ಕೋರ್ ಸೆಕೆಂಡಿಗೆ ಹೆಚ್ಚೆಂದರೆ 800 ಕೋಟಿ ಸೂಚನೆ. ಪೆಂಟಿಯಂನ ಒಂದು ಕೋರ್, ಪೂರ್ತಿ ವೇಗದಲ್ಲಿ ಓಡಿದರೂ, 512 ಕೋಟಿ. ನಿಜವಾದ ಪ್ರೋಗ್ರಾಂಗಳಲ್ಲಿ ಯಾವುದೂ ಈ ಮಟ್ಟ ಮುಟ್ಟುವುದಿಲ್ಲ, ಇದು ಮೇಲ್ಮಿತಿ ಅಷ್ಟೆ. ಆದರೂ ಎರಡರ ನಡುವೆ ಎಷ್ಟು ದೂರ ಎಂದು ಇದರಿಂದ ತಿಳಿಯುತ್ತದೆ.

ಪಳಗಿದವರ ಇನ್ನೊಂದು ಗುಣವನ್ನೂ ನೋಡಿರಬಹುದು. ಸಿಪ್ಪೆ ಗಟ್ಟಿಯಾಗಿ ಅಂಟಿದ ಅಡಿಕೆ ಕೈಗೆ ಸಿಕ್ಕರೆ ಅದನ್ನೇ ಹಿಡಿದುಕೊಂಡು ಕೂರುವುದಿಲ್ಲ. ಬದಿಗಿಟ್ಟು, ಮುಂದಿನದನ್ನು ಸುಲಿದು, ಆಮೇಲೆ ಅದಕ್ಕೆ ಬರುತ್ತಾರೆ. ಪ್ರೊಸೆಸರ್ ಕೂಡ ಹೀಗೆಯೇ. ಒಂದು ಸೂಚನೆಗೆ ಬೇಕಾದ ಅಂಕಿ ಮೆಮೊರಿಯಿಂದ ಇನ್ನೂ ಬಂದಿಲ್ಲ ಎಂದರೆ, ಸಾಲಿನಲ್ಲಿ ಹಿಂದೆ ಇರುವ, ಈಗಲೇ ಮಾಡಲು ಆಗುವ ಸೂಚನೆಯನ್ನು ಮೊದಲು ಮಾಡಿ ಮುಗಿಸುತ್ತದೆ. ಮೊದಲಿನ ಆಟಮ್‌ಗಳಿಗೆ ಈ ವಿದ್ಯೆಯೇ ಇರಲಿಲ್ಲ. ಸಾಲು ತಪ್ಪದೆ ಒಂದೊಂದೇ ಮಾಡುತ್ತಿದ್ದವು. ಆ ನೆಟ್‌ಬುಕ್‌ಗಳು ಅಷ್ಟು ಎಳೆಯುತ್ತಿದ್ದುದಕ್ಕೆ ಇದೂ ಒಂದು ಕಾರಣ. 2013ರಲ್ಲಿ ಸಿಲ್ವರ್‌ಮಾಂಟ್ ಎಂಬ ಕೋರ್ ಬಂದಾಗ ಆಟಮ್ ಇದನ್ನು ಕಲಿಯಿತು. ಆ ಸಿಲ್ವರ್‌ಮಾಂಟನ್ನೇ 14 ನ್ಯಾನೋಮೀಟರ್‌ಗೆ ಇಳಿಸಿದ ರೂಪ ಏರ್‌ಮಾಂಟ್. ಆದರೆ ಕಲಿತದ್ದು ಸಣ್ಣ ಪ್ರಮಾಣದಲ್ಲಿ. ಬ್ರಾಡ್‌ವೆಲ್ ತನ್ನ ಮುಂದೆ ಒಟ್ಟಿಗೆ 192 ಸೂಚನೆಗಳನ್ನು ಹರಡಿಕೊಂಡು ಯಾವುದು ತಯಾರಿದೆ ಎಂದು ಹುಡುಕಬಲ್ಲದು. ಏರ್‌ಮಾಂಟ್ ಹರಡಿಕೊಳ್ಳುವುದು ಕೆಲವೇ ಡಜನ್. ಗಟ್ಟಿ ಅಡಿಕೆ ನಾಲ್ಕಾರು ಒಟ್ಟಿಗೆ ಬಂದರೆ ಅದು ಸುಮ್ನೆ ಕಾಯುತ್ತಾ ಕೂರಬೇಕಾಗುತ್ತದೆ.

ಐ3ಗೆ ಎರಡು ಕೋರ್, ನಾಲ್ಕು ಥ್ರೆಡ್ ಎಂದೆನಲ್ಲ. ಹೈಪರ್‌ಥ್ರೆಡಿಂಗ್ ಎಂದು ಅದಕ್ಕೆ ಹೆಸರು. ಸುಲಿಯುವವರ ಎಡಕ್ಕೊಂದು ಬುಟ್ಟಿ, ಬಲಕ್ಕೊಂದು ಬುಟ್ಟಿ ಇಟ್ಟ ಹಾಗೆ. ಎಡದ್ದು ಖಾಲಿಯಾಗಿ, ಯಾರಾದರೂ ತುಂಬಿಸಿ ತರುವ ತನಕ ಬಲದ ಬುಟ್ಟಿಗೆ ಕೈ ಹಾಕುತ್ತಾರೆ. ಕೈ ಎರಡೇ. ಆದರೆ ಖಾಲಿ ಕೂರುವ ಹೊತ್ತು ಕಡಿಮೆ. ಹಾಗಾಗಿ ಕಂಪ್ಯೂಟರ್ ನಾಲ್ಕು ಎಂದು ತೋರಿಸಿದರೂ ಅದು ನಾಲ್ಕು ಕೋರಿಗೆ ಸಮ ಅಲ್ಲ, ಎರಡಕ್ಕಿಂತ ಸ್ವಲ್ಪ ಜಾಸ್ತಿ ಎಂದು ತಿಳಿದರೆ ಸಾಕು.

ಕ್ಯಾಶ್ ಎಂಬುದು ಕೈಗೆಟುಕುವ ರಾಶಿ. ರ‍್ಯಾಮ್ ಎಂಬುದು ಅಟ್ಟ. ಅಟ್ಟಕ್ಕೆ ಏಣಿ ಹಾಕಿ ಹತ್ತಿ ಇಳಿಯುವಷ್ಟರಲ್ಲಿ ಸುಲಿಯುವ ಕೈ ಎಷ್ಟೋ ಅಡಿಕೆ ಮುಗಿಸಿರುತ್ತದೆ. ಐ3ಯಲ್ಲಿ ಪ್ರತಿ ಕೋರಿನ ಪಕ್ಕದಲ್ಲಿ ಸಣ್ಣ ರಾಶಿ ಬೇರೆ, ಜೊತೆಗೆ ಇಬ್ಬರೂ ಹಂಚಿಕೊಳ್ಳುವ 3 ಎಂಬಿಯ ದೊಡ್ಡ ರಾಶಿ ಬೇರೆ. ಪೆಂಟಿಯಂನಲ್ಲಿ ಇಬ್ಬಿಬ್ಬರಿಗೆ ಒಂದೊಂದು ಎಂಬಿ. ಅದು ಮುಗಿದರೆ ನೇರ ಅಟ್ಟಕ್ಕೇ.

ಭಾವ ಇಷ್ಟೂ ಕೇಳಿದರು. ಆಮೇಲೆ, "ಒಪ್ಪಿದೆ, ಒಬ್ಬೊಬ್ಬರ ಕೈ ಚುರುಕು. ಆದರೆ ನಾಲ್ವರು ಒಟ್ಟು ಸೇರಿದರೆ?" ಎಂದರು.

ಸರಿಯಾದ ಪ್ರಶ್ನೆ. ಅದೇ ಕಾಗದದ ಲೆಕ್ಕ ಮುಂದುವರಿಸಿದರೆ ಐ3ಯ ಎರಡು ಕೋರ್ ಸೇರಿ 1600 ಕೋಟಿ. ಪೆಂಟಿಯಂನ ನಾಲ್ಕೂ ಮೂಲ ವೇಗದಲ್ಲಿ ದುಡಿದರೆ 1280 ಕೋಟಿ. ನಾಲ್ಕೂ 2.56ರಲ್ಲಿ ಓಡಿದರೆ 2048 ಕೋಟಿ ಆಗಬೇಕು. ಆದರೆ 6 ವಾಟ್‌ನ ಮಿತಿಯೊಳಗೆ ನಾಲ್ಕೂ ಕೋರ್ ಆ ಗರಿಷ್ಠ ವೇಗವನ್ನು ತುಂಬ ಹೊತ್ತು ಹಿಡಿದಿಡುವುದು ಕಷ್ಟ. ಬಿಸಿ ಏರುತ್ತದೆ, ವೇಗ ಇಳಿಯುತ್ತದೆ. ಜೊತೆಗೆ ಕ್ಯಾಶ್, ಸಾಲು ಬದಲಿಸುವ ವಿದ್ಯೆ ಎಲ್ಲ ಸೇರಿ, ಎಲ್ಲ ಕೋರ್ ದುಡಿಯುವ ಕೆಲಸದಲ್ಲೂ ಸಾಮಾನ್ಯವಾಗಿ ಐ3ಯೇ ಮುಂದಿರುತ್ತದೆ. ಅಂತರ ಮಾತ್ರ ಅಲ್ಲಿ ಕಡಿಮೆ. ಒಂದೇ ಕೋರಿನ ಕೆಲಸದಲ್ಲಿ ಅಂತರ ಎದ್ದು ಕಾಣುತ್ತದೆ.

ಮನೆಯ ಕಂಪ್ಯೂಟರಿನ ಹೆಚ್ಚಿನ ಕೆಲಸ ಒಂದೇ ಕೋರಿನ ಮೇಲೆ ಬೀಳುವಂಥದ್ದು ಎಂಬುದು ಇಲ್ಲಿ ದೊಡ್ಡ ವಿಷಯ. ಅಡಿಕೆ ಸುಲಿಯಲು ನಾಲ್ಕು ಜನ ಕೂರಬಹುದು. ಒಂದು ಅಡಿಕೆ ಮರಕ್ಕೆ ನಾಲ್ಕು ಜನ ಒಟ್ಟಿಗೆ ಹತ್ತಲಾಗುವುದಿಲ್ಲ. ಹತ್ತುವವರು ಒಬ್ಬರೇ, ಉಳಿದ ಮೂವರು ಕೆಳಗೆ ನಿಂತು ಮೇಲೆ ನೋಡುತ್ತಾರೆ. ವೆಬ್ ಪುಟ ತೆರೆದಾಗ ಅದರ ಜಾವಾಸ್ಕ್ರಿಪ್ಟ್ ಬಹುಪಾಲು ಒಂದೇ ಸಾಲಿನಲ್ಲಿ ಓಡುತ್ತದೆ. ಒಂದು ಮೆನು ಒತ್ತಿದರೆ ಅದು ತೆರೆದುಕೊಳ್ಳುವ ತನಕದ ಕೆಲಸವೂ ಹಾಗೆಯೇ. "ಕಂಪ್ಯೂಟರ್ ಸ್ಲೋ" ಎಂದು ನಾವು ಹೇಳುವುದು ಹೆಚ್ಚಾಗಿ ಇಂಥ ಮರ ಹತ್ತುವ ಕೆಲಸದಲ್ಲಿ. ವಿಡಿಯೊ ಕತ್ತರಿಸಿ ಜೋಡಿಸಿ ಸೇವ್ ಮಾಡುವುದು, ದೊಡ್ಡ ಫೈಲ್‌ಗಳನ್ನು ಕುಗ್ಗಿಸುವುದು ಇತ್ಯಾದಿ ಸುಲಿಯುವ ಜಾತಿಯವು. ಅವು ದಿನಾ ಬರುವುದಿಲ್ಲ.

6 ವಾಟ್ ಎಂದರೆ ಕರೆಂಟ್ ಬಿಲ್ ಕಡಿಮೆಯೇ?

ಇಷ್ಟು ಹೇಳುವಾಗ ಪೆಂಟಿಯಂ ಬಗ್ಗೆ ನನಗೆ ತಾತ್ಸಾರ ಎಂದು ತೋರಬಹುದು. ಖಂಡಿತ ಇಲ್ಲ. 15 ವಾಟ್‌ನ ಕೆಲಸದ ಹತ್ತಿರಕ್ಕೆ 6 ವಾಟ್‌ನಲ್ಲಿ ಬರುವುದು ಸಣ್ಣ ಸಾಧನೆಯಲ್ಲ. ಅದನ್ನು ಮಾಡಿದ ಎಂಜಿನಿಯರ್‌ಗಳ ಗುರಿಯೇ ಬೇರೆ ಇತ್ತು. ತೆಳ್ಳಗಿನ, ಫ್ಯಾನ್ ಇಲ್ಲದ, ಅಗ್ಗದ ಯಂತ್ರ ಅವರಿಗೆ ಬೇಕಾಗಿತ್ತು.

ಈ ವಾಟ್ ಸಂಖ್ಯೆಯನ್ನು ಟಿಡಿಪಿ ಎನ್ನುತ್ತಾರೆ. ಪ್ರೊಸೆಸರ್ ಸತತವಾಗಿ ದುಡಿಯುವಾಗ ಎಷ್ಟು ಶಾಖವನ್ನು ಹೊರಗೆ ಸಾಗಿಸಬೇಕು ಎಂದು ಲ್ಯಾಪ್‌ಟಾಪ್ ಮಾಡುವವರಿಗೆ ಹೇಳುವ ಅಳತೆ ಅದು. ಇಡೀ ಲ್ಯಾಪ್‌ಟಾಪ್ ಎಳೆಯುವ ಕರೆಂಟ್ ಎಂದು ಅರ್ಥವಲ್ಲ. ಪರದೆ, ಡಿಸ್ಕ್, ವೈಫೈ ಎಲ್ಲ ಅದರ ಹೊರಗೆ.

ಭಾವ ಬಿಲ್ಲಿನ ಲೆಕ್ಕ ಕೇಳಿದರು. ಎರಡರ ನಡುವೆ 9 ವಾಟ್ ವ್ಯತ್ಯಾಸ. ದಿನಕ್ಕೆ ನಾಲ್ಕು ಗಂಟೆ, ಅದೂ ಪೂರ್ತಿ ದುಡಿಸಿದರೆ, 36 ವಾಟ್-ಗಂಟೆ. ಮೂವತ್ತು ದಿನಕ್ಕೆ 1080. ಅಂದರೆ ತಿಂಗಳಿಗೆ ಒಂದು ಯೂನಿಟ್ ಚಿಲ್ಲರೆ. ನಾಲ್ಕು ಗಂಟೆ ಪೂರ್ತಿ ದುಡಿಸುವುದು ಎಂಬುದೇ ಇಲ್ಲ, ಆದ್ದರಿಂದ ನಿಜದಲ್ಲಿ ಇನ್ನೂ ಕಡಿಮೆ. ತೋಟದ ಪಂಪ್ ಒಂದು ಗಂಟೆ ಓಡಿದರೆ ಇದಕ್ಕಿಂತ ಎಷ್ಟೋ ಆಗುತ್ತದೆ. ಬಿಲ್ಲಿನ ಮುಖ ನೋಡಿ ಪೆಂಟಿಯಂ ಆರಿಸುವುದರಲ್ಲಿ ಅರ್ಥವಿಲ್ಲ.

ಬ್ಯಾಟರಿಯ ಮಾತು ಬೇರೆ. ನಮ್ಮಲ್ಲಿ ಇದು ದೊಡ್ಡ ವಿಷಯವೇ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು. ತುಲಾ ತಿಂಗಳ ಗುಡುಗಿಗೆ ಕರೆಂಟ್ ಇದ್ದರೂ ಚಾರ್ಜರ್, ಮೋಡೆಮ್ ಎಲ್ಲ ಕಿತ್ತಿಡುತ್ತೇವೆ. ಒಂದು ಸಿಡಿಲಿಗೆ ಏನೇನು ಸುಟ್ಟುಹೋಗುತ್ತದೆ ಎಂದು ಈ ಕಡೆಯ ಪ್ರತಿ ಮನೆಗೂ ಗೊತ್ತು. ಆಗ ಉಳಿಯುವುದು ಬ್ಯಾಟರಿ ಮಾತ್ರ.

40 ವಾಟ್-ಗಂಟೆಯ ಬ್ಯಾಟರಿ ಎಂದುಕೊಳ್ಳಿ. ಪರದೆ ಇತ್ಯಾದಿಗಳಿಗೆ 5 ವಾಟ್ ಹೋಗುತ್ತದೆ ಎಂದು ಹಿಡಿಯೋಣ. ಎಡೆಬಿಡದೆ ದುಡಿಸಿದರೆ ಐ3 ಲ್ಯಾಪ್‌ಟಾಪ್ 20 ವಾಟ್ ಎಳೆದು ಎರಡು ಗಂಟೆಗೆ ಮಲಗುತ್ತದೆ. ಪೆಂಟಿಯಂ 11 ವಾಟ್ ಎಳೆದು ಮೂರೂವರೆ ಗಂಟೆಯ ಮೇಲೂ ಓಡುತ್ತದೆ. ದೊಡ್ಡ ವ್ಯತ್ಯಾಸ. ಆದರೆ ಮನೆಯ ಕೆಲಸ ಹೀಗೆ ಎಡೆಬಿಡದೆ ಇರುವುದಿಲ್ಲ. ಒಂದು ಪುಟ ತೆರೆದು ಐದು ನಿಮಿಷ ಓದುತ್ತೇವೆ. ಒಂದು ವಾಕ್ಯ ಟೈಪ್ ಮಾಡಿ ಯೋಚಿಸುತ್ತೇವೆ. ಆ ಹೊತ್ತಿನಲ್ಲಿ ಎರಡೂ ಪ್ರೊಸೆಸರ್ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಆಗ ಹೆಚ್ಚು ಕುಡಿಯುವುದು ಪರದೆಯೇ. ಜೊತೆಗೆ, ಐ3 ಬೇಗ ಮುಗಿಸಿ ಬೇಗ ಮಲಗುತ್ತದೆ. ಪೆಂಟಿಯಂ ನಿಧಾನಕ್ಕೆ ಮಾಡುತ್ತಾ ಹೆಚ್ಚು ಹೊತ್ತು ಎಚ್ಚರವಾಗಿರುತ್ತದೆ. ಹಾಗಾಗಿ ಓದು ಬರಹದ ಕೆಲಸದಲ್ಲಿ ಪೆಂಟಿಯಂ ಮುಂದಿದ್ದರೂ 15ಕ್ಕೆ 6 ಎಂಬಷ್ಟು ಮುಂದೆ ಇರುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಂತೂ ಬ್ಯಾಟರಿ ಎಷ್ಟು ಸವೆದಿದೆ ಎಂಬುದೇ ಈ ಎಲ್ಲ ಲೆಕ್ಕಕ್ಕಿಂತ ದೊಡ್ಡದು.

6 ವಾಟ್‌ನ ನಿಜವಾದ ಸುಖ ಫ್ಯಾನ್‌ನಲ್ಲಿದೆ. ಇಂಥ ಪ್ರೊಸೆಸರ್ ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನೇ ಇಲ್ಲ. ಎಲ್ಲದರಲ್ಲೂ ಇಲ್ಲ ಎಂದಲ್ಲ, ಕೊಳ್ಳುವಾಗ ತಿರುಗಿಸಿ ನೋಡಿ. ಫ್ಯಾನ್ ಇಲ್ಲದಿದ್ದರೆ ಸದ್ದಿಲ್ಲ, ಧೂಳು ಎಳೆಯುವುದಿಲ್ಲ. ನಮ್ಮ ತೇವದ ಹವೆಯಲ್ಲಿ, ಇರುವೆ, ಹಲ್ಲಿ ಓಡಾಡುವ ಮನೆಗಳಲ್ಲಿ, ಇದು ಕಡಿಮೆ ಮಾತಲ್ಲ. 15 ವಾಟ್‌ನ ಐ3ಗೆ ಸಾಮಾನ್ಯವಾಗಿ ಫ್ಯಾನ್ ಇರುತ್ತದೆ. ಹತ್ತು ವರ್ಷದ ಯಂತ್ರದಲ್ಲಿ ಅದರ ದಾರಿಗೆ ಧೂಳು ಕಟ್ಟಿರುತ್ತದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಆಗ ಐ3ಯ ಮೇಲುಗೈ ಎಲ್ಲ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಹಳೆಯ ಐ3 ತಂದವರು ಮೊದಲು ಬಿಚ್ಚಿಸಿ, ಫ್ಯಾನ್ ಒರೆಸಿ, ಪೇಸ್ಟ್ ಹೊಸತು ಹಾಕಿಸಿ. ಖರ್ಚು ಸ್ವಲ್ಪ, ಗುಣ ಜಾಸ್ತಿ.

ಸಣ್ಣದು ಗೆಲ್ಲುವ ಒಂದು ಜಾಗ

ವಿಡಿಯೊ ನೋಡುವ ಮಾತಿನಲ್ಲಿ ನನಗೇ ಅಚ್ಚರಿ ತಂದ ಒಂದು ಸಂಗತಿ ಇದೆ. ವಿಡಿಯೊ ಬಿಡಿಸಲು ಗ್ರಾಫಿಕ್ಸ್ ಭಾಗದೊಳಗೆ ಅದಕ್ಕೆಂದೇ ಮಾಡಿದ ಪುಟ್ಟ ಯಂತ್ರ ಇರುತ್ತದೆ. ಅದು ಆ ಬಗೆಯ ವಿಡಿಯೊವನ್ನು ಬಲ್ಲದಾದರೆ ಪ್ರೊಸೆಸರ್ ಕೋರ್‌ಗಳು ಆರಾಮವಾಗಿ ಕೂರುತ್ತವೆ. ಅರಿಯದಿದ್ದರೆ ಪೂರ್ತಿ ಭಾರ ಕೋರ್‌ಗಳ ಮೇಲೆ.

ಹಳೆಯ ಎಚ್.264 ಬಗೆಯ ವಿಡಿಯೊ ಎರಡಕ್ಕೂ ಸಲೀಸು. ಆದರೆ ಈಗಿನ ಅನೇಕ ಫೋನ್‌ಗಳು ತೆಗೆಯುವ ಎಚ್.265 ಅಥವಾ ಎಚ್‌ಇವಿಸಿ ವಿಡಿಯೊ ಬಂದಾಗ ಆಟ ತಿರುಗುತ್ತದೆ. ಪೆಂಟಿಯಂ ಎನ್3710ರ ಎಚ್‌ಡಿ ಗ್ರಾಫಿಕ್ಸ್ 405 ಇದರ 8 ಬಿಟ್ ರೂಪವನ್ನು ಪೂರ್ತಿಯಾಗಿ ತಾನೇ ಬಿಡಿಸಬಲ್ಲದು. ಐ3-5005ಯುವಿನ ಎಚ್‌ಡಿ ಗ್ರಾಫಿಕ್ಸ್ 5500ರಲ್ಲಿ ಆ ಪೂರ್ಣ ಯಂತ್ರ ಇಲ್ಲ. ದೊಡ್ಡವನಿಗೆ ಗೊತ್ತಿಲ್ಲದ ಕೆಲಸ ಚಿಕ್ಕವನಿಗೆ ಗೊತ್ತು. ಮದುವೆಯ ವಿಡಿಯೊ ಯಾರಾದರೂ ಫೋನಿನಿಂದ ಕಳಿಸಿದರೆ ಪೆಂಟಿಯಂ ತಣ್ಣಗೆ ತೋರಿಸುವುದೂ, ಐ3ಯ ಫ್ಯಾನ್ ಗರ್ ಎನ್ನುವುದೂ ಇದಕ್ಕೇ.

ಯೂಟ್ಯೂಬ್‌ನಲ್ಲಿ ಇಬ್ಬರಿಗೂ ಕಷ್ಟ ಉಂಟು. ಅಲ್ಲಿ ಬರುವುದು ಹೆಚ್ಚಾಗಿ ವಿಪಿ9 ಅಥವಾ ಎವಿ1 ಎಂಬ ಬಗೆಯ ವಿಡಿಯೊ. ಎವಿ1 ಇವೆರಡೂ ಹುಟ್ಟಿದ ಮೇಲೆ ಬಂದದ್ದು. ವಿಪಿ9ಕ್ಕೂ ಪೂರ್ಣ ಯಂತ್ರ ಎರಡರಲ್ಲೂ ಇಲ್ಲ. ಇಲ್ಲಿ ಕೋರ್‌ಗಳ ಬಲವೇ ಬೇಕಾಗುವುದರಿಂದ ಐ3 ಮುಂದೆ. ಎಚ್.264 ರೂಪವನ್ನೇ ಕೊಡು ಎಂದು ಯೂಟ್ಯೂಬ್‌ಗೆ ಹೇಳುವ ಪುಟ್ಟ ಎಕ್ಸ್‌ಟೆನ್ಶನ್‌ಗಳು ಬ್ರೌಸರ್‌ಗೆ ಸಿಗುತ್ತವೆ. ಅಂಥದ್ದೊಂದನ್ನು ಹಾಕಿ, 720ಪಿ ಗುಣಮಟ್ಟಕ್ಕೆ ಇಳಿಸಿದರೆ ಪೆಂಟಿಯಂನಲ್ಲೂ ಯಕ್ಷಗಾನ ತಡೆಯಿಲ್ಲದೆ ನೋಡಬಹುದು.

ಐ3 ಪರ ಇನ್ನೊಂದು ಅಂಶ ಹೇಳಿಬಿಡುತ್ತೇನೆ, ಮುಂದಿನ ವರ್ಷಗಳಿಗೆ ಬೇಕಾದದ್ದು. ಒಂದೇ ಸೂಚನೆಯಲ್ಲಿ ಹಲವು ಅಂಕಿಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಎವಿಎಕ್ಸ್2 ಎಂಬ ಸೌಕರ್ಯ ಐ3-5005ಯುವಿನಲ್ಲಿ ಇದೆ. ಎನ್3710ರಲ್ಲಿ ಎವಿಎಕ್ಸ್ ಎಂಬುದೇ ಇಲ್ಲ. ಚಿತ್ರ, ಧ್ವನಿ, ವಿಡಿಯೊ ತಿದ್ದುವ ತಂತ್ರಾಂಶಗಳಿಗೆ ಇದರಿಂದ ವೇಗ ಸಿಗುತ್ತದೆ. ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಉಂಟಲ್ಲ, ಅದರ ಕೆಲವು ಹೊಸ ರೂಪಗಳು ಇದನ್ನು ಕಡ್ಡಾಯವೇ ಮಾಡಿವೆ. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಎವಿಎಕ್ಸ್2 ಇಲ್ಲದ ಪ್ರೊಸೆಸರ್‌ನಲ್ಲಿ ಓಡುವುದಿಲ್ಲ. ಮನೆಗೆ ಅದೇನೂ ಬೇಡ, ಆದರೆ ಗಾಳಿ ಯಾವ ಕಡೆಗೆ ಎಂದು ತಿಳಿಯುತ್ತದೆ.

ವಿಂಡೋಸ್ ಬೇಕಾ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಕೋರ್ ಸರಣಿಯಲ್ಲಿ, ಒಂದೆರಡು ವಿನಾಯಿತಿ ಬಿಟ್ಟರೆ, ಎಂಟನೇ ಪೀಳಿಗೆ ಅಥವಾ ಅದಕ್ಕಿಂತ ಹೊಸತು ಬೇಕು. ಐ3-5005ಯು ಐದನೆಯದು. ಎನ್3710 ಕೂಡ ಆ ಪಟ್ಟಿಯಲ್ಲಿಲ್ಲ. ಇಂಥ ಯಂತ್ರಗಳು ಈಗ ಅಗ್ಗಕ್ಕೆ ಸಿಗಲು ಇದೂ ಒಂದು ಕಾರಣ.

ಕಾಸರಗೋಡಿನ ಮಕ್ಕಳಿಗೆ ಇದರಿಂದ ತೊಂದರೆ ಇಲ್ಲ ಎಂಬುದು ನನಗೆ ತುಂಬ ಸಂತೋಷದ ವಿಷಯ. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ವ್ಯವಸ್ಥೆ ಶಾಲೆಗಳಲ್ಲಿ ಉಬುಂಟು ಆಧಾರದ ಲಿನಕ್ಸನ್ನೇ ಬಳಸುತ್ತದೆ. ಮಕ್ಕಳು ಕಲಿಯುವುದು ಲಿಬ್ರೆಆಫೀಸ್, ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ, ಪೈಥಾನ್ ಇಂಥವನ್ನು. ಎಲ್ಲ ಉಚಿತ, ಎಲ್ಲ ಹಳೆಯ ಯಂತ್ರದಲ್ಲಿ ಓಡುವಂಥದ್ದು. ಕನ್ನಡ ಯೂನಿಕೋಡ್ ಟೈಪಿಂಗ್ ಅದರಲ್ಲೇ ಇದೆ. ಶಾಲೆಯಲ್ಲಿ ಕಂಡ ಪರದೆಯನ್ನೇ ಮಗು ಮನೆಯಲ್ಲೂ ಕಂಡರೆ ಕಲಿಕೆ ಎಷ್ಟು ಸುಲಭ! ವಿಂಡೋಸ್ ಇಲ್ಲ ಎಂದು ಹಿಂಜರಿಯುವ ಹೆತ್ತವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಪ್ರೊಸೆಸರ್ ಬಗ್ಗೆ ಇಷ್ಟು ಹೊತ್ತು ಮಾತಾಡಿದರೂ, ಅದಕ್ಕಿಂತ ಮೊದಲು ನೋಡಬೇಕಾದದ್ದು ಡಿಸ್ಕ್. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಯಾವ ಪ್ರೊಸೆಸರ್ ಆದರೂ ಎಳೆಯುತ್ತದೆ. ಅಟ್ಟದ ಮಾತಾಯಿತಲ್ಲ, ಇದು ಅಡಿಕೆಗೆ ಪೇಟೆಯ ಗೋದಾಮಿಗೇ ಹೋಗಿಬಂದ ಹಾಗೆ. ಅದರ ಬದಲು ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್‌ಗಳ ಡಿಸ್ಕ್, ಹಾಕಿದರೆ ಎರಡೂ ಯಂತ್ರ ಹೊಸ ಜೀವ ಪಡೆಯುತ್ತವೆ. ಎಸ್‌ಎಸ್‌ಡಿ ಇರುವ ಪೆಂಟಿಯಂ, ಹಾರ್ಡ್ ಡಿಸ್ಕ್ ಇರುವ ಐ3ಗಿಂತ ಹಿತವಾಗಿರುತ್ತದೆ. ಇದರಲ್ಲಿ ನನಗೆ ಸಂಶಯವೇ ಇಲ್ಲ. ಕೆಲವು ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಎಂಬ ಸಂಗ್ರಹ ಬೋರ್ಡಿಗೇ ಬೆಸೆದಿರುತ್ತದೆ. ಅದನ್ನು ಬದಲಿಸಲಾಗದು, ಬಿಟ್ಟುಬಿಡಿ. ರ‍್ಯಾಮ್ ಐ3ಗೆ 16 ಜಿಬಿ ತನಕ, ಎನ್3710ಕ್ಕೆ 8 ಜಿಬಿ ತನಕ. ಮನೆಗೆ 8 ಸಾಕು, 4 ಇಕ್ಕಟ್ಟು. ಪ್ರೊಸೆಸರ್ ಮಾತ್ರ ಎರಡರಲ್ಲೂ ಬೋರ್ಡಿಗೆ ಬೆಸೆದದ್ದು. ಆಮೇಲೆ ಬದಲಿಸುತ್ತೇನೆ ಎಂಬುದು ಆಗದ ಮಾತು. ಕೊಳ್ಳುವಾಗಲೇ ಸರಿಯಾಗಿ ಆರಿಸಬೇಕಾದ ಭಾಗ ಅದೊಂದೇ.

ಹೀಗೆಂದು 'ಎನ್' ಕಂಡರೆ ಯಾವಾಗಲೂ ಓಡಬೇಡಿ. 2023ರಲ್ಲಿ ಬಂದ ಇಂಟೆಲ್ ಎನ್100 ಕೂಡ ನಾಲ್ಕು ಸಣ್ಣ ಕೋರ್, ಅದೂ 6 ವಾಟ್. ಆದರೆ 3.4 ಗಿಗಾಹರ್ಟ್ಸ್ ತನಕ ಏರುತ್ತದೆ, ಎವಿಎಕ್ಸ್2 ಇದೆ, ಒಂದು ಬಡಿತಕ್ಕೆ ಮಾಡುವ ಕೆಲಸವೂ ಏರ್‌ಮಾಂಟ್‌ಗಿಂತ ಬಹಳ ಜಾಸ್ತಿ. ಈ ಹಳೆಯ ಐ3ಯನ್ನು ಅದು ಸಲೀಸಾಗಿ ಹಿಂದೆ ಹಾಕುತ್ತದೆ. ಅಂದು ಕಲಿಯುತ್ತಿದ್ದ ಹುಡುಗರ ಕೈ ಈಗ ಪಳಗಿದೆ.

ಮಾತು ಇಲ್ಲಿಗೆ ಬರುವಾಗ ಕರೆಂಟ್ ಹೋಗಿತ್ತು. ಎರಡೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಜಗಲಿಯ ಮೇಜಿನಲ್ಲಿ ಪಕ್ಕ ಪಕ್ಕ. ಎರಡರಲ್ಲೂ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಒಂದೇ ಉಬುಂಟು. ಇದಕ್ಕಿಂತ ಸಮನಾದ ಹೋಲಿಕೆ ಸಿಗುವುದಿಲ್ಲ. ಭಾವನ ಮಗಳು ಅಷ್ಟರಲ್ಲಿ ಕೊಡೆ ಹಿಡಿದು ಬಂದಳು. ಟರ್ಮಿನಲ್ ತೆರೆದು ಎಲ್‌ಎಸ್‌ಸಿಪಿಯು (lscpu) ಎಂಬ ಆಜ್ಞೆ ಹೇಗೆ ಬರೆಯುವುದೆಂದು ತೋರಿಸಿದೆ. ಪ್ರೊಸೆಸರ್ ಹೆಸರು, ಕೋರ್, ಥ್ರೆಡ್, ಕ್ಯಾಶ್ ಎಲ್ಲ ಅದರಲ್ಲಿ ಬರುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿಕೊಳ್ಳಬಹುದು, ಸ್ಟಿಕ್ಕರ್ ನಂಬಬೇಕೆಂದಿಲ್ಲ. "ಮಾವ, ಇದರಲ್ಲಿ ಎವಿಎಕ್ಸ್2 ಉಂಟು, ಅದರಲ್ಲಿ ಇಲ್ಲ" ಎಂದು ಉದ್ದದ ಸಾಲಿನೊಳಗಿಂದ ಅವಳೇ ಹುಡುಕಿ ಹೇಳಿದಳು.

ತೋಟದ ಒಂದು ದೊಡ್ಡ ಫೋಟೊವನ್ನು ಎರಡರಲ್ಲೂ ಜಿಂಪ್‌ನಲ್ಲಿ ತೆರೆದು ಒಂದೇ ಹೊತ್ತಿಗೆ ಮಸುಕು ಮಾಡುವ ಫಿಲ್ಟರ್ ಹಾಕಿದಳು. ಐ3 ಮೊದಲು ಮುಗಿಸಿತು. ಪೆಂಟಿಯಂನ ಪಟ್ಟಿ ಇನ್ನೂ ಅರ್ಧ ದಾರಿಯಲ್ಲಿತ್ತು. ಭಾವ ಎರಡರ ಅಡಿಗೂ ಕೈ ಇಟ್ಟು ನೋಡಿದರು. ಐ3 ಬಿಸಿ. ಪೆಂಟಿಯಂ ಕೈಗೆ ಬೆಚ್ಚಗೆ, ಅಷ್ಟೆ.

ಐ3ಯ ಬ್ಯಾಟರಿ ಎಷ್ಟು ಸವೆದಿದೆ ಎಂದು ನೋಡಿದೆವು. ಪೂರ್ತಿ ಚಾರ್ಜ್ ಮಾಡಿದರೂ ಹೊಸದಾಗಿದ್ದಾಗಿನ ಅರ್ಧವೂ ಹಿಡಿಯುತ್ತಿರಲಿಲ್ಲ. ಭಾವ ಮರುದಿನ ಅಂಗಡಿಗೆ ಫೋನ್ ಮಾಡಿ, ಹೊಸ ಬ್ಯಾಟರಿ ಹಾಕಿ, ಫ್ಯಾನ್ ಒರೆಸಿ ಕೊಡುವುದಾದರೆ ಇದನ್ನೇ ಇಟ್ಟುಕೊಳ್ಳುತ್ತೇವೆ ಎಂದರು. ಅವರು ಒಪ್ಪಿದರು. ಪೆಂಟಿಯಂ ಮಂಗಳೂರಿಗೆ ವಾಪಸು ಹೋಗಲಿಲ್ಲ. ನಮ್ಮ ಅಪ್ಪನಿಗೆ ಅದರ ಮೇಲೆ ಕಣ್ಣು ಬಿದ್ದಿತ್ತು. ಸದ್ದಿಲ್ಲದ ಯಂತ್ರ, ಮಡಿಲಲ್ಲಿಟ್ಟರೆ ಸುಡುವುದಿಲ್ಲ. ಈಗ ರಾತ್ರಿ ಊಟವಾದ ಮೇಲೆ ಅವರ ಚಾವಡಿಯಿಂದ ಚೆಂಡೆ ಕೇಳುತ್ತದೆ, 720ಪಿಯಲ್ಲಿ.